ಮೇಣದಬತ್ತಿಯಿಂದ ಕ್ಯಾಮೆರಾದವರೆಗೆ: ಮೂತ್ರಕೋಶದೊಳಗ ನೋಡಿದ ಕಥಿ

ನಮ್ಮ ಚಿಕ್ಕನರಗುಂದದಾಗ ಯಾರಿಗರ ಹುಬ್ಬಳ್ಳಿ ಡಾಕ್ಟರು “ಮೂತ್ರಕೋಶದಾಗ ಕ್ಯಾಮೆರಾ ಇಳಿಸಿ ನೋಡೂಣು” ಅಂದ್ರ ಸಾಕು, ಅವರು ಮತ್ತ ಆ ಕಡೆ ಹಾಯೂದಿಲ್ಲ. ನಿಮಗೂ ತಾರೀಖು ಕೊಟ್ಟಾರೇನು? ಮೊದಲ ಇದನ್ನ ಓದ್ರಿ.

1806ರ ಹೊತ್ತಿಗೆ ಜರ್ಮನಿಯ ಫಿಲಿಪ್ ಬೊಝಿನಿ ಮೇಣದಬತ್ತಿಯ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಗೆ ಹಾಯಿಸಿ ದೇಹದ ಒಳಗೆ ನೋಡುವ ಸಾಧನ ಮಾಡಿದ. ಬೆಳಕು ಸಾಲಲಿಲ್ಲ. 1877ರಲ್ಲಿ ಮ್ಯಾಕ್ಸಿಮಿಲಿಯನ್ ನಿಟ್ಜೆ ಬೆಳಕನ್ನೇ ಕೊಳವೆಯ ತುದಿಗೆ ಒಯ್ದ. ಅದು ಕಾದ ಪ್ಲಾಟಿನಂ ತಂತಿ. ಒಳಗೆ ಸುಡಬಾರದೆಂದು ನೀರು ಹರಿಸುತ್ತಲೇ ಇರಬೇಕಿತ್ತು. ಮುಂದೆ ಸಣ್ಣ ವಿದ್ಯುತ್ ಬಲ್ಬ್ ಬಂದು ಆ ತಾಪತ್ರಯ ತಪ್ಪಿತು. ಆದರೂ ಕೊಳವೆ ಬಾಗದ ಲೋಹದ್ದೇ. 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ನರಿಂದರ್ ಸಿಂಗ್ ಕಪಾನಿ, ಬಾಗುವ ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಹಾಯುತ್ತದೆ ಎಂದು ತೋರಿಸಿದರು. ಬಾಗುವ ನಳಿಗೆಗೆ ದಾರಿ ಆದದ್ದು ಅದರಿಂದ.

ಈಗ ಏನ್ ಮಾಡ್ತಾರ? ಜೆಲ್ ಹಾಕಿ ಜೋಮು ಹಿಡಿಸಿ, ತೆಳ್ಳನ ನಳಿಗಿ ಇಳಿಸಿ, ನೀರು ತುಂಬಿ ನೋಡ್ತಾರ. ಮೂತ್ರಕ್ಕ ಅವಸರ ಆದಂಗ ಆಗ್ತೈತಿ. ಬರೇ ನೋಡೂದಾದ್ರ ಕೆಲವೇ ನಿಮಿಷ. ಗಟ್ಟಿ ನಳಿಗಿ ಬೇಕಾದ್ರ ಅರಿವಳಿಕೆ ಕೊಡ್ತಾರ. ರಕ್ತ ತೆಳುವಾಗೋ ಗುಳಿಗಿ ತಗೋತಿದ್ರ ಮೊದಲೇ ಹೇಳ್ರಿ. ಆಮೇಲೆ ಒಂದೆರಡು ದಿನ ಉರಿ, ನಸುಗೆಂಪು ಇರಬಹುದು. ಜ್ವರ ಬಂದ್ರ, ಮೂತ್ರ ಕಟ್ಟಿದ್ರ ಮಾತ್ರ ತಡ ಮಾಡದ ದವಾಖಾನಿಗೆ ಹೋಗ್ರಿ.

ಮೂತ್ರದಾಗ ರಕ್ತ ಕಂಡ್ರೂ “ನೋವಿಲ್ಲ, ಉಷ್ಣ ಆಗಿರಬೇಕು” ಅಂತ ಎಳನೀರು ಕುಡಿದು ಸುಮ್ಮನಾಗಬ್ಯಾಡ್ರಿ. ನೋವಿಲ್ಲದ ರಕ್ತ ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆ ಆಗಿರಬಹುದು. ಮನ್ಯಾಗಿನ ಅಜ್ಜ ನಾಚಿಕೊಂಡು ಹೇಳದೇ ಇದ್ರೆ, ನೀವೇ ಕೇಳ್ರಿ.