ಬೇರು ಮಾತ್ರ ಉಳಿದ ಮರ

ಒಂದು ಕಾಲಕ್ಕೆ ಅಮೆರಿಕದ ಪೂರ್ವ ಭಾಗದ ಅಪ್ಪಲೇಚಿಯನ್ ಬೆಟ್ಟಸಾಲಿನ ಜನರಿಗೆ ಚೆಸ್ಟ್‌ನಟ್ ಮರವೇ ಕಲ್ಪವೃಕ್ಷ. ಅದರ ಬೀಜ ಮನುಷ್ಯರಿಗೂ ಹಂದಿಗಳಿಗೂ ಆಹಾರ; ಪೇಟೆಗೆ ಒಯ್ದರೆ ಕೈಗೆ ನಾಲ್ಕು ಕಾಸು. ಸುಲಭವಾಗಿ ಕೊಳೆಯದ ಅದರ ದಿಮ್ಮಿ ಮನೆಗೂ ಬೇಲಿಗೂ ಒದಗುತ್ತಿತ್ತು. ತೊಗಲು ಹದ ಮಾಡುವ ಟ್ಯಾನಿನ್ ಕೂಡ ಅದರಿಂದಲೇ ಸಿಗುತ್ತಿತ್ತು.

1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಈ ಮರಗಳು ಒಣಗುತ್ತಿರುವುದನ್ನು ಅಲ್ಲಿನ ಅರಣ್ಯಾಧಿಕಾರಿ ಹರ್ಮನ್ ಮರ್ಕೆಲ್ ಗುರುತಿಸಿದರು. ಏಷ್ಯಾದಿಂದ ತರಿಸಿದ ಚೆಸ್ಟ್‌ನಟ್ ಸಸಿಗಳೊಡನೆ ಬಂದ ಶಿಲೀಂಧ್ರವೇ ಅದಕ್ಕೆ ಕಾರಣ. ತೊಗಟೆಯ ಗಾಯಗಳ ಮೂಲಕ ಒಳಹೊಕ್ಕು, ಕಾಂಡದ ಸುತ್ತ ಉಂಗುರದಂತೆ ಹರಡಿ, ಅದು ಆಹಾರ ಸಾಗುವ ದಾರಿಯನ್ನೇ ಕಡಿದುಹಾಕುತ್ತದೆ. ಪೆನ್ಸಿಲ್ವೇನಿಯಾ ರಾಜ್ಯ 1911ರಲ್ಲಿ ಇದಕ್ಕಾಗಿ ಆಯೋಗವನ್ನೇ ರಚಿಸಿತು. ರೋಗ ನಿಲ್ಲಲಿಲ್ಲ, 1913ರಲ್ಲಿ ಆಯೋಗ ಮುಚ್ಚಿತು. ಹೇಗೂ ಸಾಯುವ ಮರವೆಂದು ಜನ ಆರೋಗ್ಯವಾಗಿದ್ದವನ್ನೂ ಕಡಿದು ಮಾರಿದರು. ರೋಗವನ್ನು ತಡೆಯಬಲ್ಲ ಮರಗಳೂ ಅವುಗಳೊಡನೆ ಹೋಗಿರಬಹುದು. 1950ರ ವೇಳೆಗೆ ಅಳಿದ ಮರಗಳು ಸುಮಾರು 300ರಿಂದ 400 ಕೋಟಿ ಎಂಬ ಅಂದಾಜಿದೆ.

ಆದರೆ ಈ ಶಿಲೀಂಧ್ರ ಮಣ್ಣಿನೊಳಗಿನ ಬೇರನ್ನು ಕೊಲ್ಲಲಾರದು. ಇಂದಿಗೂ ಹಳೆಯ ಬುಡಗಳಿಂದ ಚಿಗುರು ಏಳುತ್ತದೆ. ಬಹುಪಾಲು ಹೂಬಿಡುವ ಮುನ್ನವೇ ರೋಗಕ್ಕೆ ಬಲಿಯಾಗುತ್ತವೆ. ಈ ಚಿಗುರುಗಳನ್ನು ನಂಬಿಯೇ 1983ರಲ್ಲಿ ಅಮೆರಿಕನ್ ಚೆಸ್ಟ್‌ನಟ್ ಫೌಂಡೇಶನ್ ಹುಟ್ಟಿಕೊಂಡಿತು. ರೋಗ ತಡೆಯುವ ಚೀನಾ ತಳಿಯೊಡನೆ ಕೂಡಿಸಿದ ಸಂಕರವನ್ನು ಮತ್ತೆ ಮತ್ತೆ ಅಮೆರಿಕದ ತಳಿಗೇ ಕೂಡಿಸಬೇಕೆಂಬುದು ತಳಿವಿಜ್ಞಾನಿ ಚಾರ್ಲ್ಸ್ ಬರ್ನ್‌ಹ್ಯಾಮ್ ತೋರಿಸಿದ ದಾರಿ. ಮೂರು ಸುತ್ತು ಹೀಗೆ ಮಾಡಿದರೆ ಚೀನಾ ತಳಿಯ ಪಾಲು ಸರಾಸರಿ 16ರಲ್ಲಿ 1ಕ್ಕೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ರೋಗ ತಾಳಿದ ಸಸಿಗಳನ್ನಷ್ಟೇ ಆರಿಸಬೇಕು.

ಇದು ಪ್ರಯೋಗಶಾಲೆಯಲ್ಲಿ ಕುಳಿತು ಮುಗಿಸುವ ಕೆಲಸವಲ್ಲ. ಕಾಡಿನಲ್ಲಿ ಅಪರೂಪಕ್ಕೆ ಹೂಬಿಟ್ಟ ಮರವನ್ನು ಹುಡುಕುವುದು, ಹೆಣ್ಣುಹೂಗಳಿಗೆ ಚೀಲ ಕಟ್ಟಿ ಪರಾಗ ಸವರುವುದು, ಮುಳ್ಳುಕಾಯಿ ಬಿಡಿಸಿ ಬೀಜ ತೆಗೆಯುವುದು, ತೋಟದ ಕಳೆ ಕೀಳುವುದು ಬಹುಮಟ್ಟಿಗೆ ಸ್ವಯಂಸೇವಕರ ಪಾಲಿನ ದುಡಿಮೆ. ವರ್ಷಗಟ್ಟಲೆ ಸಾಕಿದ ಸಸಿಗಳಿಗೆ ಬೇಕೆಂದೇ ರೋಗ ಅಂಟಿಸಿ, ಸೋತವನ್ನು ಕಡಿದುಹಾಕುವುದೂ ಇದರಲ್ಲಿ ಸೇರಿದೆ.

ಫಲವೇನೂ ಬೇಗ ಸಿಕ್ಕಿಲ್ಲ. ಎರಡು ಮೂರು ಜೀನ್‌ಗಳ ಗುಣವೆಂದು ಎಣಿಸಿದ್ದ ರೋಗನಿರೋಧ ಶಕ್ತಿ ಹಲವು ಜೀನ್‌ಗಳಲ್ಲಿ ಹಂಚಿಹೋಗಿರುವುದು ಆಮೇಲೆ ತಿಳಿಯಿತು. ಗೋಧಿಯ ಜೀನ್ ಸೇರಿಸಿದ 'ಡಾರ್ಲಿಂಗ್ 58' ಮರದ ಮೇಲಿಟ್ಟ ಭರವಸೆಗೂ 2023ರಲ್ಲಿ ಪೆಟ್ಟು ಬಿತ್ತು. ಪರೀಕ್ಷೆಗೆ ಒಳಪಟ್ಟಿದ್ದು ಬೇರೊಂದು ಸಾಲಿನ ಸಸಿಗಳೆಂದು ಗೊತ್ತಾಗಿ, ಫೌಂಡೇಶನ್ ತನ್ನ ಬೆಂಬಲ ಹಿಂತೆಗೆದುಕೊಂಡಿತು.

ಇತ್ತ ಒಂದೊಂದು ಚಿಗುರು ಸತ್ತಾಗಲೂ ಹಳೆಯ ಬೇರು ಅಷ್ಟಷ್ಟೇ ಸೊರಗುತ್ತದೆ. ಅವು ಪೂರ್ತಿ ಅಳಿಯುವ ಮೊದಲೇ ಬೇರೆ ಬೇರೆ ರಾಜ್ಯಗಳ ಮರಗಳಿಂದ ಬೀಜ, ಪರಾಗ ಸಂಗ್ರಹಿಸಿ ತೋಟಗಳಲ್ಲಿ ಉಳಿಸಿಕೊಳ್ಳಬೇಕಾಗಿದೆ. ಮುಂದೆ ಯಾವ ದಾರಿ ಫಲಿಸಿದರೂ ಅದಕ್ಕೆ ಬೇಕಾಗುವುದು ಆ ತಳಿಗಳೇ.