ವಿಷಬಾಣದ ಕಪ್ಪೆಗಳು: ಕಾಡಿನಿಂದ ಪಡೆದ ನಂಜು

ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಹಾಡಹಗಲೇ ಓಡಾಡುವ, ಕಣ್ಣು ಕೋರೈಸುವ ಬಣ್ಣದ ಪುಟ್ಟ ಕಪ್ಪೆಗಳಿಗೆ ವಿಷಬಾಣದ ಕಪ್ಪೆಗಳೆಂದು ಹೆಸರು. ಇವು ಡೆಂಡ್ರೊಬ್ಯಾಟಿಡೇ ಕುಟುಂಬಕ್ಕೆ ಸೇರಿದವು. ಹಾವು, ಚೇಳುಗಳು ತಮ್ಮ ವಿಷವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಈ ಕಪ್ಪೆಗಳು ಹಾಗಲ್ಲ. ತಿಂದ ಇರುವೆ, ನುಸಿಗಳ ಮೈಯಲ್ಲಿದ್ದ ನಂಜನ್ನು ಹೊರಹಾಕದೆ ತಮ್ಮ ಚರ್ಮದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಆದ್ದರಿಂದಲೇ ಇವುಗಳ ಬಣ್ಣ, ಮರಿಗಳ ಪಾಲನೆ, ಅಳಿವು-ಉಳಿವು, ಯಾವುದನ್ನು ವಿವರಿಸಹೊರಟರೂ ಮಾತು ಕಾಡಿನ ನೆಲಕ್ಕೇ ಬಂದು ಮುಟ್ಟುತ್ತದೆ.

ಬಗೆಗಳು ಮತ್ತು ನೆಲೆ

ಉತ್ತರದಲ್ಲಿ ನಿಕರಾಗುವಾದಿಂದ ದಕ್ಷಿಣದಲ್ಲಿ ಬೊಲಿವಿಯಾ, ಬ್ರೆಜಿಲ್‌ವರೆಗೆ ಸುಮಾರು 200 ಪ್ರಭೇದಗಳಿವೆ. ಹೆಚ್ಚಿನವು 1.5ರಿಂದ 6 ಸೆಂ.ಮೀ. ಉದ್ದದವು. ತೇವ ಆರದ ತರಗೆಲೆಯ ಹಾಸು, ಬಿದ್ದ ಮರದ ಸಂದು, ಮರದ ಮೇಲೆ ಬೆಳೆಯುವ ಬ್ರೊಮೀಲಿಯಾಡ್ ಗಿಡಗಳು ಇವುಗಳ ಮನೆ.

ಕುಟುಂಬದ ಎಲ್ಲ ಕಪ್ಪೆಗಳೂ ವಿಷಪೂರಿತವಲ್ಲ. ಮಾಸಲು ಕಂದು ಬಣ್ಣದ ಎಷ್ಟೋ ಪ್ರಭೇದಗಳಲ್ಲಿ ನಂಜು ಇಲ್ಲ, ಅಥವಾ ಇದ್ದರೂ ತೀರಾ ಅಲ್ಪ. ನಂಜಿರುವವುಗಳ ಬಣ್ಣಗಳಿಗೆ ಮಾತ್ರ ಲೆಕ್ಕವಿಲ್ಲ. ಸುರಿನಾಮಿನ ಸಿಪಾಲಿವಿನಿ ಪ್ರದೇಶದಲ್ಲಿ ಕಪ್ಪು ಚುಕ್ಕೆಗಳ ಕಡುನೀಲಿ ಕಪ್ಪೆಯಿದೆ. ಕೋಸ್ಟರಿಕಾದ ಸ್ಟ್ರಾಬೆರಿ ಕಪ್ಪೆಗೆ ಮೈಯೆಲ್ಲ ಕೆಂಪು, ಕಾಲು ಮಾತ್ರ ನೀಲಿ. ಅದೇ ಸ್ಟ್ರಾಬೆರಿ ಕಪ್ಪೆ ಪನಾಮದ ಬೊಕಾಸ್ ಡೆಲ್ ಟೊರೊ ದ್ವೀಪಗಳಲ್ಲಿ ಒಂದು ಕಡೆ ಹಸಿರು, ಇನ್ನೊಂದು ಕಡೆ ಕಿತ್ತಳೆ, ಮತ್ತೊಂದು ಕಡೆ ನೀಲಿ.

ಬಾಣಕ್ಕೆ ನಂಜು ಸವರುವವರು

ಕೊಲಂಬಿಯಾದ ಪೆಸಿಫಿಕ್ ಕರಾವಳಿಯ ಚೊಕೊ ಪ್ರದೇಶದಲ್ಲಿ ಎಂಬೆರಾ ಎಂಬ ಮೂಲನಿವಾಸಿಗಳಿದ್ದಾರೆ. ಊದುಗೊಳವೆಯಿಂದ ಸಣ್ಣ ಬಾಣಗಳನ್ನು ಊದಿ ಬೇಟೆಯಾಡುವುದು ಇವರ ಹಳೆಯ ಕಸುಬು. ಬಾಣದ ತುದಿಗೆ ಕಪ್ಪೆಯ ನಂಜನ್ನು ಬಳಸುತ್ತಿದ್ದರು. ಇಷ್ಟು ದೊಡ್ಡ ಕುಟುಂಬದಲ್ಲಿ ಬಾಣಕ್ಕೆ ಬಳಕೆಯಾದದ್ದು ಖಚಿತವಾಗಿ ದಾಖಲಾಗಿರುವುದು ಫಿಲೊಬೇಟಿಸ್ ಕುಲದ ಮೂರು ಪ್ರಭೇದಗಳು ಮಾತ್ರ. ಅಮೆಜಾನಿನ ಹೆಚ್ಚಿನ ಬುಡಕಟ್ಟುಗಳು ಬಾಣಕ್ಕೆ ಹಚ್ಚುತ್ತಿದ್ದದ್ದು ಗಿಡಬಳ್ಳಿಗಳಿಂದ ಕಾಯಿಸಿ ತೆಗೆದ ಕ್ಯುರಾರೆ ಎಂಬ ಬೇರೆಯೇ ವಿಷ.

ಮೂರರಲ್ಲಿ ಅತ್ಯಂತ ಉಗ್ರವಾದದ್ದು ಫಿಲೊಬೇಟಿಸ್ ಟೆರಿಬಿಲಿಸ್, ಅಂದರೆ ಬಂಗಾರದ ಬಣ್ಣದ ವಿಷಕಪ್ಪೆ. ಸೈಹಾ ನದಿಯ ಆಸುಪಾಸಿನ ಈ ಕಪ್ಪೆಯನ್ನು ಚಾರ್ಲ್ಸ್ ಮೈಯರ್ಸ್, ಜಾನ್ ಡ್ಯಾಲಿ ಮತ್ತು ಬೋರಿಸ್ ಮಾಲ್ಕಿನ್ 1978ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದರು. ಉಳಿದ ಎರಡು ಪ್ರಭೇದಗಳಿಂದ ನಂಜು ಇಳಿಸಲು ಕಪ್ಪೆಯನ್ನು ಕಡ್ಡಿಗೆ ಚುಚ್ಚಿ ಹಿಂಸಿಸಬೇಕಾಗುತ್ತಿತ್ತು. ಇದಕ್ಕೆ ಅದೇನೂ ಬೇಕಿಲ್ಲ. ಜೀವಂತ ಕಪ್ಪೆಯ ಬೆನ್ನಿನ ಮೇಲೆ ಬಾಣದ ತುದಿಯನ್ನು ಉಜ್ಜಿದರೆ ಸಾಕು. ಹಾಗೆ ಸವರಿದ ಬಾಣದಲ್ಲಿ ನಂಜು ಒಂದು ವರ್ಷ ಕಳೆದರೂ ಉಳಿದಿರುತ್ತದೆ.

ನಂಜು ಮೈಯಲ್ಲಿ ಮಾಡುವ ಕೆಲಸ

ಟೆರಿಬಿಲಿಸ್ ಕಪ್ಪೆಯ ಚರ್ಮದಲ್ಲಿರುವುದು ಬ್ಯಾಟ್ರಕೊಟಾಕ್ಸಿನ್ ಎಂಬ ಆಲ್ಕಲಾಯ್ಡ್. 5 ಸೆಂ.ಮೀ. ಉದ್ದದ ಒಂದು ಕಪ್ಪೆಯಲ್ಲಿ ಇದು ಸುಮಾರು 1 ಮಿಲಿಗ್ರಾಂ ಇರಬಹುದು. ಹತ್ತು ಮಂದಿಯ ಪ್ರಾಣ ತೆಗೆಯಲು ಅಷ್ಟು ಸಾಕೆಂದು ಅಂದಾಜಿದೆ.

ನರ ಮತ್ತು ಸ್ನಾಯುವಿನ ಕೋಶಗಳ ಹೊರಪದರದಲ್ಲಿ ಸೋಡಿಯಂ ಅಯಾನುಗಳನ್ನು ಒಳಬಿಡುವ ಅತಿಸೂಕ್ಷ್ಮ ಬಾಗಿಲುಗಳಿರುತ್ತವೆ. ಸಂದೇಶ ಹಾಯುವಾಗ ಅವು ಕ್ಷಣಮಾತ್ರ ತೆರೆದು ಮತ್ತೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಂಡರೆ ತಾನೇ ಕೋಶ ಮುಂದಿನ ಸಂದೇಶಕ್ಕೆ ಸಿದ್ಧವಾಗುವುದು? ಬ್ಯಾಟ್ರಕೊಟಾಕ್ಸಿನ್ ಆ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಸೋಡಿಯಂ ಎಡೆಬಿಡದೆ ಒಳನುಗ್ಗುತ್ತದೆ, ನರ ಸಂದೇಶ ಒಯ್ಯಲಾರದೆ ಸೋಲುತ್ತದೆ, ಸ್ನಾಯು ಸೆಟೆದುಕೊಳ್ಳುತ್ತದೆ, ಹೃದಯ ಬಡಿತದ ಲಯ ತಪ್ಪಿ ನಿಂತುಹೋಗುತ್ತದೆ. ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಇದೇ ಬಾಗಿಲನ್ನು ಮುಚ್ಚಿಹಾಕಿ ಕೊಲ್ಲುತ್ತದೆ. ಎರಡು ವಿಷಗಳ ದಾರಿ ವಿರುದ್ಧವಾದರೂ ಪರಿಣಾಮ ಒಂದೇ.

ನಂಜಿನ ಮೂಲ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಸಾಯನ ವಿಜ್ಞಾನಿ ಜಾನ್ ಡ್ಯಾಲಿ ತಮ್ಮ ಬದುಕಿನ ಬಹುಪಾಲನ್ನು ಈ ಕಪ್ಪೆಗಳಿಗೇ ಮೀಸಲಿಟ್ಟವರು. ಅವರೂ ಅವರ ಸಂಗಡಿಗರೂ ಉಭಯಚರಗಳ ಚರ್ಮದಿಂದ ಗುರುತಿಸಿದ ಆಲ್ಕಲಾಯ್ಡ್‌ಗಳು 800ಕ್ಕೂ ಹೆಚ್ಚು. ಆದರೆ ಪ್ರಯೋಗಾಲಯದಲ್ಲಿ ಹುಟ್ಟಿ, ಹಣ್ಣಿನ ನೊಣ ತಿಂದು ಬೆಳೆದ ಕಪ್ಪೆಗಳಲ್ಲಿ ನಂಜಿನ ಸುಳಿವೇ ಇರಲಿಲ್ಲ. ಅದೇ ನೊಣಗಳಿಗೆ ಆಲ್ಕಲಾಯ್ಡ್ ಪುಡಿ ಹಚ್ಚಿ ತಿನ್ನಿಸಿದಾಗ ಅದು ಚರ್ಮದಲ್ಲಿ ಬಂದು ಸೇರಿತು.

ಕಾಡೇ ಬದಲಾದರೆ ನಂಜೂ ಬದಲಾಗುತ್ತದೆ ಎನ್ನಲು ಹವಾಯಿ ಸಾಕ್ಷಿ. ಸೊಳ್ಳೆ ಹತೋಟಿಗೆಂದು 1932ರಲ್ಲಿ ಪನಾಮದ ಹಸಿರು-ಕಪ್ಪು ಕಪ್ಪೆಗಳನ್ನು ತಂದು ಒವಾಹು ದ್ವೀಪದಲ್ಲಿ ಬಿಡಲಾಯಿತು. ಅವುಗಳ ಸಂತತಿ ಅಲ್ಲಿ ಬೇರೂರಿದೆ. ಪನಾಮದ ಕಪ್ಪೆಗಳಲ್ಲಿರುವ ಕೆಲವು ಆಲ್ಕಲಾಯ್ಡ್‌ಗಳು ಹವಾಯಿಯವುಗಳಲ್ಲಿ ಇಲ್ಲ, ಅಲ್ಲಿಲ್ಲದ್ದು ಇಲ್ಲಿದೆ.

ನಂಜು ಬರುವುದು ಎಲ್ಲಿಂದ ಎಂಬುದಕ್ಕೂ ಉತ್ತರ ಸಿಗತೊಡಗಿದೆ. ಪ್ಯುಮಿಲಿಯೊಟಾಕ್ಸಿನ್ ಎಂಬ ಗುಂಪಿನ ಮೂಲ ಇರುವೆಗಳಲ್ಲಿದೆ ಎಂದು 2004ರಲ್ಲಿ, ನೆಲದ ನುಸಿಗಳಲ್ಲಿ ಹಲವು ಬಗೆಯ ಆಲ್ಕಲಾಯ್ಡ್‌ಗಳಿವೆ ಎಂದು 2007ರಲ್ಲಿ ತಿಳಿಯಿತು. ಬ್ಯಾಟ್ರಕೊಟಾಕ್ಸಿನ್ ವಿಷಯದಲ್ಲಿ ಸುಳಿವು ಸಿಕ್ಕಿದ್ದು ಭೂಮಿಯ ಇನ್ನೊಂದು ತುದಿಯಲ್ಲಿ. ನ್ಯೂಗಿನಿಯ ಪಿಟೊಹುಯಿ ಹಕ್ಕಿಯ ಚರ್ಮ ಮತ್ತು ಗರಿಗಳಲ್ಲಿ ಇದೇ ಜಾತಿಯ ವಿಷವಿದೆ ಎಂದು 1992ರಲ್ಲಿ ಪ್ರಕಟವಾಯಿತು. 2004ರಲ್ಲಿ ಅಲ್ಲಿನ ಕೊರೆಸಿನೆ ಎಂಬ ಸಣ್ಣ ಜೀರುಂಡೆಗಳಲ್ಲೂ ಅದು ಪತ್ತೆಯಾಯಿತು. ಕೊಲಂಬಿಯಾದ ಕಪ್ಪೆಗೂ ಇಂಥದೇ ಜೀರುಂಡೆ ಆಹಾರವಾಗಿರಬೇಕೆಂಬುದು ವಿಜ್ಞಾನಿಗಳ ಬಲವಾದ ಊಹೆ.

ಕಪ್ಪೆ ಬರಿಯ ಉಗ್ರಾಣವಲ್ಲ. ಡೆಂಡ್ರೊಬೇಟಿಸ್ ಕುಲದ ಕಪ್ಪೆಗಳು ತಿಂದ ಒಂದು ಪ್ಯುಮಿಲಿಯೊಟಾಕ್ಸಿನ್ನನ್ನು ತುಸು ಮಾರ್ಪಡಿಸಿ, ಇಲಿಗಳ ಮೇಲೆ ಸುಮಾರು ಐದು ಪಟ್ಟು ಹೆಚ್ಚು ಉಗ್ರವಾದ ರೂಪಕ್ಕೆ ತರುತ್ತವೆ.

ತನ್ನ ನಂಜು ತನಗೇಕೆ ತಗಲದು?

ನಂಜು ಅಂಟಿಕೊಳ್ಳುವ ಪ್ರೋಟೀನಿನಲ್ಲೇ ಒಂದು ಸಣ್ಣ ಬದಲಾವಣೆ ಆಗಿರುವುದು ಒಂದು ಕಾರಣ. ಎಪಿಬ್ಯಾಟಿಡಿನ್ ಎಂಬ ವಿಷ ಹೊತ್ತ ಕಪ್ಪೆಗಳ ನರಗ್ರಾಹಕದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದೇ ಅವಕ್ಕೆ ರಕ್ಷೆ ಎಂದು 2017ರ ಸಂಶೋಧನೆ ತೋರಿಸಿತು. ಎರಡನೆಯದು ರಕ್ತದ ಏರ್ಪಾಡು. ಆಲ್ಕಲಾಯ್ಡ್‌ಗಳನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನೊಂದು 2023ರಲ್ಲಿ ಕಪ್ಪೆಯ ರಕ್ತದಲ್ಲಿ ಪತ್ತೆಯಾಗಿದೆ. ನಂಜು ನರಗಳ ತಂಟೆಗೆ ಹೋಗದಂತೆ ತಡೆದು ಚರ್ಮಕ್ಕೆ ಸಾಗಿಸುವುದು ಇದರ ಕೆಲಸವಿರಬಹುದು.

ಬಣ್ಣದ ಎಚ್ಚರಿಕೆ

ಸಾಮಾನ್ಯ ಕಪ್ಪೆ ಎಲೆಯ ಬಣ್ಣದಲ್ಲಿ ಅವಿತು ರಾತ್ರಿ ಹೊರಬೀಳುತ್ತದೆ. ವಿಷಕಪ್ಪೆ ಹಗಲಲ್ಲಿ ಎದ್ದು ಕಾಣುವಂತೆ ಕುಪ್ಪಳಿಸುತ್ತದೆ. ಒಮ್ಮೆ ಬಾಯಿಗೆ ಹಾಕಿ ಕಹಿ ಉಂಡ ಹಕ್ಕಿ ಆ ಬಣ್ಣವನ್ನು ಮತ್ತೆ ಮುಟ್ಟುವುದಿಲ್ಲ. ಈ ಭಯದ ಲಾಭ ಪಡೆಯುವವರೂ ಇದ್ದಾರೆ: ಈಕ್ವೆಡಾರಿನಲ್ಲಿ ನಂಜಿಲ್ಲದ ಅಲ್ಲೊಬೇಟಿಸ್ ಜಪಾರೊ ಎಂಬ ಕಪ್ಪೆ ಪಕ್ಕದ ವಿಷಕಪ್ಪೆಗಳ ಬಣ್ಣವನ್ನೇ ತಳೆದು ಬದುಕುತ್ತದೆ. ಹಾಗೆಂದು ವೈರಿಗಳೇ ಇಲ್ಲವೆಂದಲ್ಲ. ಎರಿತ್ರೊಲ್ಯಾಂಪ್ರಸ್ ಎಪಿನೆಫೆಲಸ್ ಎಂಬ ಹಾವು ಈ ನಂಜುಗಳನ್ನು ಬಹುಮಟ್ಟಿಗೆ ತಡೆದುಕೊಳ್ಳಬಲ್ಲದು.

ಬೆನ್ನ ಮೇಲೆ ಮರಿ, ಎಲೆಕುಡಿಕೆಯಲ್ಲಿ ಮನೆ

ಮೊಟ್ಟೆಯಿಟ್ಟು ಮರೆತುಬಿಡುವ ಕಪ್ಪೆಗಳೇ ಹೆಚ್ಚಾದ ಲೋಕದಲ್ಲಿ ಇವು ಅಪರೂಪದ ತಂದೆತಾಯಿಗಳು. ಮೊಟ್ಟೆಯಿಡುವುದು ನೀರಿನಲ್ಲಲ್ಲ, ತರಗೆಲೆಯ ನಡುವೆ. ಒಣಗದಂತೆ ಆಗಾಗ ಬಂದು ತೇವ ಮಾಡುವುದು ಹಲವು ಪ್ರಭೇದಗಳಲ್ಲಿ ಗಂಡಿನ ಹೊಣೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಹಿರಿಯರ ಬೆನ್ನೇರಿ ನೀರಿನ ತಾವಿಗೆ ಸವಾರಿ ಹೋಗುತ್ತವೆ.

ಸ್ಟ್ರಾಬೆರಿ ಕಪ್ಪೆಯಲ್ಲಿ ಈ ಹೊರೆ ತಾಯಿಯದು. ಸುಮಾರು ಎರಡು ಸೆಂಟಿಮೀಟರ್ ಉದ್ದದ ಆಕೆ ಗೊದಮೊಟ್ಟೆಗಳನ್ನು ಒಂದೊಂದಾಗಿ ಹೊತ್ತು, ಬ್ರೊಮೀಲಿಯಾಡ್ ಎಲೆಗಳ ಬುಡದಲ್ಲಿ ಮಳೆನೀರು ನಿಂತ ಪುಟ್ಟ ಕುಡಿಕೆಗಳಿಗೆ ಒಯ್ಯುತ್ತಾಳೆ. ಒಂದು ಕುಡಿಕೆಗೆ ಒಂದೇ ಮರಿ. ಅಷ್ಟು ನೀರಿನಲ್ಲಿ ತಿನ್ನಲು ಏನಿದ್ದೀತು? ಕೆಲವು ದಿನಗಳಿಗೊಮ್ಮೆ ಆಕೆ ಪ್ರತಿ ಕುಡಿಕೆಗೂ ಮರಳುತ್ತಾಳೆ. ತಾಯಿ ಬಂದದ್ದು ತಿಳಿದ ಮರಿ ಮೈ ಸೆಟೆಸಿ ಗಡಗಡನೆ ಅದುರುತ್ತದೆ, ಆಕೆಯ ಮೈಗೆ ಮೂತಿ ತಾಕಿಸುತ್ತದೆ. ಅದು ಹಸಿವಿನ ಬೇಡಿಕೆ. ಆಗ ಆಕೆ ಹಿಂಬದಿಯಿಂದ ನೀರಿಗಿಳಿದು, ಮರಿಗೆ ಊಟವಾಗಿ ಫಲಿತವಾಗದ ಮೊಟ್ಟೆಗಳನ್ನು ಇಡುತ್ತಾಳೆ. ಆ ಮೊಟ್ಟೆಗಳಲ್ಲಿ ಆಲ್ಕಲಾಯ್ಡ್ ಇರುತ್ತದೆಂದು 2014ರಲ್ಲಿ ತಿಳಿದುಬಂತು. ಇರುವೆ ಹಿಡಿಯಲು ಕಲಿಯುವ ಮೊದಲೇ ಮರಿಗೆ ತಾಯಿಯಿಂದ ರಕ್ಷಣೆಯ ಪಾಲು ಸಿಕ್ಕಿರುತ್ತದೆ.

ಪೆರುವಿನ ರಾನಿಟೊಮೆಯಾ ಇಮಿಟೇಟರ್ ಇನ್ನೂ ಒಂದು ಹೆಜ್ಜೆ ಮುಂದೆ. ಗಂಡುಹೆಣ್ಣು ಜೋಡಿಯಾಗಿಯೇ ಬಾಳುತ್ತವೆ. ಮರಿಯನ್ನು ಹೊರುವವನು ತಂದೆ, ಹಸಿದ ಮರಿಯ ಬಳಿಗೆ ಹೆಣ್ಣನ್ನು ಕೂಗಿ ಕರೆತರುವವನೂ ಅವನೇ.

ನೋವಿಗೆ ಮದ್ದಿನ ಹುಡುಕಾಟ

1974ರಲ್ಲಿ ಡ್ಯಾಲಿ ಈಕ್ವೆಡಾರಿನ ಸಣ್ಣ ಕಪ್ಪೆಯೊಂದರ ಚರ್ಮದ ಸಾರವನ್ನು ಇಲಿಗೆ ಚುಚ್ಚಿದರು. ಇಲಿಯ ಬಾಲ ನೆಟ್ಟಗೆ ಬೆನ್ನ ಮೇಲಕ್ಕೆ ಬಾಗಿತು. ಮಾರ್ಫಿನ್ ಕೊಟ್ಟಾಗ ಕಾಣುವ ಲಕ್ಷಣವಿದು. ಆದರೆ ನೂರಾರು ಕಪ್ಪೆಗಳಿಂದ ಸಿಕ್ಕ ಶುದ್ಧ ವಸ್ತು ಒಂದು ಮಿಲಿಗ್ರಾಮಿಗೂ ಕಡಿಮೆ. ಅದರ ರಚನೆ ಬಿಡಿಸಲು ತಕ್ಕ ಉಪಕರಣಗಳು ಬರುವವರೆಗೆ ವರ್ಷಗಟ್ಟಲೆ ಕಾಯಬೇಕಾಯಿತು. 1992ರಲ್ಲಿ ರಚನೆ ಪ್ರಕಟವಾಯಿತು. ಅದೇ ಎಪಿಬ್ಯಾಟಿಡಿನ್, ನೋವು ತಗ್ಗಿಸುವುದರಲ್ಲಿ ಮಾರ್ಫಿನ್‌ಗಿಂತ ಸುಮಾರು 200 ಪಟ್ಟು ಪ್ರಬಲ, ಆದರೆ ಬೇರೆಯೇ ಗ್ರಾಹಕದ ಮೇಲೆ ಕೆಲಸ ಮಾಡುವಂಥದು. ಮದ್ದಿಗೂ ಮರಣಕ್ಕೂ ಬೇಕಾದ ಪ್ರಮಾಣಗಳ ನಡುವೆ ಅಂತರ ತೀರಾ ಕಡಿಮೆಯಿದ್ದುದರಿಂದ ನೇರ ಬಳಕೆ ಸಾಧ್ಯವಾಗಲಿಲ್ಲ. ಅಬಾಟ್ ಸಂಸ್ಥೆ ಇದರ ಜಾಡಿನಲ್ಲಿ ರೂಪಿಸಿದ ಎಬಿಟಿ-594 ಮನುಷ್ಯರ ಮೇಲಿನ ಪ್ರಯೋಗದ ಹಂತ ಮುಟ್ಟಿದರೂ ಅಡ್ಡಪರಿಣಾಮಗಳಿಂದಾಗಿ ಔಷಧವಾಗಲಿಲ್ಲ. ಆದರೂ ಅಫೀಮಿನ ದಾರಿ ಹಿಡಿಯದೆ ನೋವು ತಗ್ಗಿಸಬಹುದೆಂಬ ಭರವಸೆ ಮೂಡಿಸಿದ್ದು ಈ ಕಪ್ಪೆ.

ಅಳಿವಿನ ಅಂಚು

ಇವುಗಳ ಮೇಲೆ ಮೂರು ಕಡೆಯಿಂದ ಹೊಡೆತ ಬೀಳುತ್ತಿದೆ. ಮೊದಲನೆಯದು ತೋಟ, ಹುಲ್ಲುಗಾವಲು, ಗಣಿಗಳಿಗಾಗಿ ಕಾಡಿನ ನಾಶ. ಎರಡನೆಯದು ಕೈಟ್ರಿಡ್ ಶಿಲೀಂಧ್ರ ರೋಗ. ಜಗತ್ತಿನಾದ್ಯಂತ ಕಪ್ಪೆಗಳನ್ನು ಬಲಿ ಪಡೆದ ಈ ಶಿಲೀಂಧ್ರವನ್ನು ಗುರುತಿಸಿ 1999ರಲ್ಲಿ ಹೆಸರಿಟ್ಟದ್ದು ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ನೀಲಿ ವಿಷಕಪ್ಪೆಯಿಂದಲೇ. ಮೂರನೆಯದು ಸಾಕುವ ಶೋಕಿಗಾಗಿ ನಡೆಯುವ ಕಳ್ಳಸಾಗಣೆ. 1987ರಿಂದ ಹಲವು ಪ್ರಭೇದಗಳ ವ್ಯಾಪಾರವನ್ನು ಸೈಟ್ಸ್ ಒಪ್ಪಂದ ನಿಯಂತ್ರಿಸುತ್ತಿದ್ದರೂ, ಕೊಲಂಬಿಯಾದ ಊಫಗಾ ಲೆಹ್ಮನಿಯಂಥ ಚೆಲುವಾದ ಕಪ್ಪೆ ಅಳಿವಿನ ಅಂಚಿಗೆ ಬಂದು ನಿಂತಿದೆ.

ಕಾನೂನುಬದ್ಧವಾಗಿ ಸಾಕಿ ಮರಿ ಮಾಡಿಸುವ ಪ್ರಯತ್ನಗಳು ಕಳ್ಳಬೇಟೆಯ ಒತ್ತಡವನ್ನು ತಗ್ಗಿಸುತ್ತವೆ, ಅವು ಬೇಕು. ಆದರೆ ಸಾಕಿದ ಕಪ್ಪೆಯಲ್ಲಿ ಉಳಿಯುವುದು ಬಣ್ಣ ಮಾತ್ರ. ಅದರ ನಂಜಿಗೆ ಇರುವೆ, ನುಸಿ, ಜೀರುಂಡೆಗಳು ಬೇಕು. ಅವಕ್ಕೆ ಕೊಳೆಯುವ ತರಗೆಲೆಯ ತೇವ ನೆಲ ಬೇಕು. ಮರಿಗಳಿಗೆ ನೀರು ಹಿಡಿದಿಡುವ ಗಿಡಗಳು ಬೇಕು. ಸಂರಕ್ಷಣೆಯ ಯೋಜನೆ ಕಪ್ಪೆಯೊಂದನ್ನೇ ಎಣಿಸಿದರೆ ಸಾಲದು, ಅದು ತಿನ್ನುವ ಹೆಸರಿಲ್ಲದ ಹುಳುಗಳನ್ನೂ ಅವುಗಳ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.