ಕರ್ಪೂರದ ರೇವಿನಲ್ಲಿ ಅಯ್ಯಾವೊಳೆಯ ಹೆಸರು

ಆರತಿಯಲ್ಲಿ ಉರಿದು ಬೂದಿಯನ್ನೂ ಉಳಿಸದ ಕರ್ಪೂರವನ್ನು ನಾವು ನಮ್ಮ ನೆಲದ ವಸ್ತುವೆಂದೇ ಭಾವಿಸಿದ್ದೇವೆ. ಇಂದು ಅಂಗಡಿಯಲ್ಲಿ ದೊರೆಯುವುದು ಬಹುಮಟ್ಟಿಗೆ ಟರ್ಪೆಂಟೈನಿನಿಂದ ತಯಾರಾದುದು. ಆ ಮಾತು ಬೇರೆ. ಪ್ರಾಚೀನರು ಹೆಚ್ಚು ಬೆಲೆಕೊಟ್ಟು ಕೊಳ್ಳುತ್ತಿದ್ದ ಕರ್ಪೂರವು ಸುಮಾತ್ರಾ, ಬೋರ್ನಿಯೋ ದ್ವೀಪಗಳ ಕಾಡಿನದು. ಮುಗಿಲೆತ್ತರದ ಮರದ ತಿರುಳಿನ ಬಿರುಕುಗಳಲ್ಲಿ ಅದು ಹರಳುಗಟ್ಟಿರುತ್ತದೆ. ಮರವನ್ನು ಕಡಿದು ಸೀಳಿದ ಹೊರತು ಸಿಕ್ಕದು. ಕಡಿದ ಮರಗಳಲ್ಲಿಯೂ ಎಷ್ಟೋ ಬರಿದು. ಒಳನಾಡಿನ ಬಾತಕ್ ಜನರು ಅದನ್ನು ಕರಾವಳಿಗೆ ತಂದು ಉಪ್ಪು, ಬಟ್ಟೆಗಳಿಗೆ ವಿನಿಮಯ ಮಾಡುತ್ತಿದ್ದರು. ಸುಮಾತ್ರಾದ ಪಶ್ಚಿಮ ತೀರದ ಬಾರುಸ್ ರೇವು ಇದಕ್ಕೆ ಪ್ರಸಿದ್ಧವಾಗಿತ್ತು. ಮಲಯ ಭಾಷೆಯಲ್ಲಿ ಇಂದಿಗೂ ಅದಕ್ಕೆ 'ಕಾಪುರ್ ಬಾರುಸ್' ಎಂದೇ ಹೆಸರು. ನಮ್ಮ 'ಕರ್ಪೂರ' ಶಬ್ದವೂ ಆ ದ್ವೀಪಗಳ ನುಡಿಯಿಂದ ಬಂದುದೆಂದು ಹಲವು ಭಾಷಾವಿದ್ವಾಂಸರ ಅಭಿಪ್ರಾಯ. ಸರಕಿನೊಡನೆ ಅದರ ಹೆಸರೂ ಹಡಗನ್ನೇರಿತು.

ಈ ರೇವಿಗೂ ಮಲಪ್ರಭೆಯ ದಡದ ಐಹೊಳೆಗೂ ಏನು ನಂಟು? ಬಾರುಸಿನ ಬಳಿಯ ಲೋಬು ತುವಾ ಎಂಬಲ್ಲಿ 1873ರಲ್ಲಿ ತಮಿಳು ಶಾಸನವೊಂದು ದೊರೆಯಿತು. ಅದರ ಕಾಲ ಶಕ 1010, ಎಂದರೆ ಕ್ರಿ.ಶ. 1088. ವಿದ್ವಾಂಸರಾದ ಕೆ. ಎ. ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಅದನ್ನು ಕುರಿತು ಬರೆದರು. ಅದನ್ನು ಹಾಕಿಸಿದವರು 'ಐನೂರ್ವರು', ಎಂದರೆ ಅಯ್ಯಾವೊಳೆಯ ಹೆಸರನ್ನು ಹೊತ್ತ ವರ್ತಕಸಂಘ. ಬಂದ ಹಡಗಿನವರು ಕಸ್ತೂರಿಯ ಬೆಲೆಯನ್ನು ಆಧರಿಸಿ ಹೊನ್ನಿನಲ್ಲಿ ಶುಲ್ಕ ಸಲ್ಲಿಸಬೇಕೆಂಬುದು ಅದರಲ್ಲಿಯ ಕಟ್ಟಳೆ. ಇದನ್ನು ಕಂಡು ಕನ್ನಡಿಗರು ಸುಮಾತ್ರಾವನ್ನು ಆಳಿದರೆಂದು ಬೀಗುವುದು ಅವಿವೇಕ. ಅಲ್ಲಿದ್ದವರು ಬಹುಶಃ ತಮಿಳು ವರ್ತಕರೇ. ಕನ್ನಡ ನಾಡಿನ ಊರೊಂದರ ಹೆಸರು ಊರನ್ನು ದಾಟಿ, ಭಾಷೆಯನ್ನೂ ದಾಟಿ, ನಂಬಿಕೆಗೆ ಅರ್ಹವಾದ ಒಂದು ಮುದ್ರೆಯಾಗಿತ್ತು ಎಂಬುದಷ್ಟೇ ಇಲ್ಲಿ ಗಮನಾರ್ಹ.

ಕನ್ನಡ ನಾಡಿನಲ್ಲಿ ಈ ಸಂಘದವರು ಕನ್ನಡದಲ್ಲಿಯೇ ಬರೆಸಿದರು. 11ನೆಯ ಶತಮಾನದ ಶಿಕಾರಿಪುರದ ಶಾಸನವೊಂದು ಅವರ ಸರಕುಗಳನ್ನು ಹೆಸರಿಸುತ್ತದೆ: ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕಸ್ತೂರಿ, ಅವುಗಳ ನಡುವೆ ಕರ್ಪೂರ. ತಮ್ಮ ನಡವಳಿಕೆಯ ಕಟ್ಟಳೆಯನ್ನು ಅವರು 'ವೀರಬಣಂಜು ಧರ್ಮ'ವೆಂದು ಕರೆದುಕೊಂಡರು. ('ಬಣಜಿಗ' ಎಂಬ ಮಾತು ನಮ್ಮ ವಾಚಕರಿಗೆ ಹೊಸದಲ್ಲ.) ಒಬ್ಬರನ್ನೊಬ್ಬರು ಕಾಣದ ಜನರ ನಡುವೆ ಸಾಲ, ಸರಕು, ಸುಂಕಗಳು ನಡೆಯಬೇಕಾದರೆ ಇಂಥ ಸಮಾನ ಕಟ್ಟಳೆ ಅನಿವಾರ್ಯವಾಗಿತ್ತು.

1025ರಲ್ಲಿ ರಾಜೇಂದ್ರ ಚೋಳನ ನೌಕಾಸೈನ್ಯವು ಸುಮಾತ್ರಾದ ಶ್ರೀವಿಜಯದ ಮೇಲೆ ದಾಳಿಯಿಟ್ಟಿತು. ಪ್ರಶಸ್ತಿಗಳಲ್ಲಿ ಅದರ ವರ್ಣನೆ ಸಾಕಷ್ಟಿದೆ. ಚೋಳರ ಆಳ್ವಿಕೆ ಮಾತ್ರ ಅಲ್ಲಿ ಬೇರೂರಲಿಲ್ಲ. ವರ್ತಕರು ಬಿಟ್ಟ ಗುರುತು ಬೇರೆ ಬಗೆಯದು. 1990ರ ದಶಕದಲ್ಲಿ ಲೋಬು ತುವಾದಲ್ಲಿ ನಡೆದ ಉತ್ಖನನದಲ್ಲಿ ಚೀನಾದ ಪಿಂಗಾಣಿ, ಪಶ್ಚಿಮ ಏಷ್ಯದ ಗಾಜು, ಭಾರತದ ಮಡಕೆಚೂರುಗಳು ಒಂದೇ ಮಣ್ಣಿನಲ್ಲಿ ದೊರೆತವು. ಉತ್ತರ ಸುಮಾತ್ರಾದ ಕರೋ ಜನರಲ್ಲಿ ಸೆಂಬಿರಿಂಗ್ ಎಂಬ ಕುಲವಿದೆ. 'ಕಪ್ಪನೆಯವರು' ಎಂದು ಅದರ ಅರ್ಥ. ಆ ಕುಲದ ಒಳಪಂಗಡಗಳ ಹೆಸರುಗಳು ಚೋಲಿಯ, ಪಾಂಡಿಯ, ಪೆಲಾವಿ, ಬ್ರಹ್ಮಣ ಮುಂತಾದವು. ಚೋಳ, ಪಾಂಡ್ಯ, ಪಲ್ಲವರ ಹೆಸರುಗಳನ್ನು ವಿದ್ವಾಂಸರು ಇವುಗಳಲ್ಲಿ ಗುರುತಿಸಿದ್ದಾರೆ.